ತಾಂಡೂರಿನ ಲಿನಕ್ಸ್ ಸರ್

ಪ್ರಮೋಷನ್ನಿಗೆ ಬೇಕಾದ ಸರ್ಟಿಫಿಕೇಟು ಹುಡುಕುವಾಗ ಹಳೆಯ ಫೈಲಿನಿಂದ ಒಂದು ಸಿಡಿ ಜಾರಿ ಬಿತ್ತು. ಮೇಲೆ ಕಪ್ಪು ಮಾರ್ಕರಿನಲ್ಲಿ ‘ಲಿನಕ್ಸ್. ನೋಡಿ ಇನ್ನೊಬ್ಬರಿಗೆ ಕೊಡಿ’ ಎಂದು ಬರೆದಿತ್ತು. ಆ ಗೀಚು ಅಕ್ಷರ ಲಿನಕ್ಸ್ ಸರ್ ಅವರದು, ನೆನಪಿಸಿಕೊಳ್ಳುವ ಕೆಲಸವೇ ಬೀಳಲಿಲ್ಲ. ಅವರು ಕೊಟ್ಟಂದಿನಿಂದ ನಾನಂತೂ ಅದನ್ನು ನೋಡಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ.

ತೆಲಂಗಾಣ ಚಳವಳಿಯ ಕಾವು ಏರಿದ್ದ ವರ್ಷಗಳವು. ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ಸರ್ ಅವರ ಕಂಪ್ಯೂಟರ್ ಸೆಂಟರ್ ಇತ್ತು. ಡಿಗ್ರಿ ಮುಗಿಸಿದ ನಾನು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಸರ್ ಬಶೀರಾಬಾದಿನಿಂದ ದಿನಾ ಬಸ್ಸಿಗೆ ಬರುವರು. ಬಂದವರೇ ಐದೂ ಕಂಪ್ಯೂಟರುಗಳ ಮೇಲೆ ಊರಿನ ಕಲ್ಲುಗಣಿಗಳಿಂದ ಹಾರಿಬಂದು ಕೂತ ಕಲ್ಲಿನ ಪುಡಿ ಒರೆಸುವರು, ಒರೆಸುತ್ತಲೇ ಊರನ್ನು ಬೈಯುವರು. ಊರೆಲ್ಲ ದುಡ್ಡು ಕೊಡದೆ ಕದ್ದ ವಿಂಡೋಸ್ ಹಾಕಿಕೊಂಡಿದ್ದಾಗ ಅವರ ಐದರಲ್ಲೂ ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸ್. ಅದು ಒಬ್ಬರ ಸ್ವತ್ತಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ಹೇಳುವಾಗ ಮಾತ್ರ ಅವರ ದನಿ ಮೆತ್ತಗಾಗುತ್ತಿತ್ತು. ಉಳಿದಂತೆ ಅವರಿಗೆ ಜಗತ್ತೆಂದರೆ ಅಸಡ್ಡೆ.

ಹೊರಗೆ ಚಳವಳಿಯ ಮೆರವಣಿಗೆ ಹೋದರೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅನ್ನುವರು: “ತನ್ನ ಕಂಪ್ಯೂಟರಿನ್ಯಾಗ ಏನ್ ಓಡ್ಲತ್ತದಂತ ಗೊತ್ತಿಲ್ಲ, ಇವ್ರು ರಾಜ್ಯ ಓಡಿಸ್ತಾರಂತ!”

ಹಾಗಂತ ಪ್ರತ್ಯೇಕ ರಾಜ್ಯ ಬೇಡವೆಂದವರೂ ಅಲ್ಲ. ಬೇಕೆನ್ನುವವರ ಮುಖ ಕಂಡರೆ ಆಗುತ್ತಿರಲಿಲ್ಲ, ಅಷ್ಟೇ...

ಕಲಿಯಲು ಬಂದವರು ವಾರದಲ್ಲೇ ಬಿಟ್ಟು ಹೋಗುತ್ತಿದ್ದರು. ನೌಕರಿ ಕೊಡುವವರು ಕೇಳುತ್ತಿದ್ದದ್ದು ವಿಂಡೋಸ್. ತಡೆಯಲಾರದೆ ಒಂದು ದಿನ ನಾನು ಮೂಲೆಯ ಕಂಪ್ಯೂಟರಿಗೆ ಅದನ್ನು ಗುಟ್ಟಾಗಿ ಹಾಕಿದೆ. ಸರ್ ಕಂಡುಹಿಡಿದರು. ಟೈಪಿಂಗ್ ಕಲಿಯುವ ಹುಡುಗಿಯರೆಲ್ಲ ನೋಡುತ್ತಿರುವಾಗಲೇ ಅಳಿಸಿದರು. ಅದರೊಂದಿಗೆ ಸರ್ಕಾರಿ ನೌಕರಿಯ ಪರೀಕ್ಷೆಗೆಂದು ನಾನು ತಿಂಗಳುಗಟ್ಟಲೆ ಟೈಪು ಮಾಡಿಟ್ಟಿದ್ದ ನೋಟ್ಸೂ ಹೋಯಿತು.

“ಕಳ್ಳ ಮಾಲ್ ಇಟ್ಕೊಂಡು ಪಾಠ ಹೇಳಾಕಿ, ಟೀಚರ್ ಅಂತ ಟೀಚರ್!”

ಅಂದಿನಿಂದ ಅವರ ಚಹದ ಲೋಟ ಕಂಡರೂ ನನಗೆ ಹೇಸಿಗೆ.

ಮುಂದಿನ ವಾರ ಊರಿನ ಲೀಡರೊಬ್ಬ ಪೆನ್‌ಡ್ರೈವ್ ಹಿಡಿದು ಬಂದ. ಬಿಳಿ ಅಂಗಿ, ಹಿಂದೆ ಹತ್ತು ಜನ. ಅದರಲ್ಲಿದ್ದ ಬಂದ್‌ನ ಕರಪತ್ರ ಅಚ್ಚಾಗಬೇಕಿತ್ತು. ಸರ್ ಪರದೆಯ ಮೇಲೆ ಓದಿದರು, ಆಮೇಲೆ ನಗತೊಡಗಿದರು. ಇಡೀ ಬರಹ ಬೇರೆ ಊರಿನವರದು. ತಾಂಡೂರಿನ ಕರಪತ್ರದಲ್ಲಿ ‘ನಾರಾಯಣಖೇಡದ ಪ್ರಜೆಗಳೇ’ ಎಂದೇ ಉಳಿದಿತ್ತು.

“ಘೋಷಣಾನೂ ಕಾಪಿ ಹೊಡೀತೀರೇನ್ರೀ? ನಾಳೆ ರಾಜ್ಯ ಬಂತಂದ್ರ ಅದನ್ನೂ ಯಾರ್ದರ ಪೆನ್‌ಡ್ರೈವಿನ್ಯಾಗ ತರ್ತೀರೇನು?”

ಹಿಂದಿದ್ದವರಲ್ಲೇ ಒಬ್ಬ ಕಿಸಕ್ಕನೆ ನಕ್ಕ. ಲೀಡರನ ಮುಖ ಕಪ್ಪಿಟ್ಟಿತು. ಸರ್ ಊರಿನ ಹೆಸರು ತಿದ್ದಿದರು, ಕಾಗುಣಿತವನ್ನೂ ತಿದ್ದಿದರು, ಅಚ್ಚು ಹಾಕಿ ಕೊಟ್ಟರು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಆ ಲೀಡರನ ಹಿಂದೆ ಓಡಾಡುತ್ತಿದ್ದ ನನ್ನಣ್ಣ ಬಂದ್ ದಿನ ಬೆಳಿಗ್ಗೆ ರೊಟ್ಟಿ ತಿನ್ನುತ್ತ ಹೇಳಿದ: “ಇವತ್ತ ನಿಮ್ ಸರ್‌ಗ ಬುದ್ಧಿ ಕಲಿಸ್ತಾರ. ನೀ ಆ ಕಡಿ ಹೋಗಬ್ಯಾಡ.”

ಫೋನು ಕೈಯಲ್ಲೇ ಇತ್ತು. ಬಂದ್ ಇದ್ದರೂ ಸರ್ ಯಾರದಾದರೂ ಬೈಕ್ ಹತ್ತಿ ಬಂದು ಶಟರ್ ಅರ್ಧ ಇಳಿಸಿ ಒಳಗೆ ಕೂರುತ್ತಾರೆಂದು ನನಗೆ ಗೊತ್ತಿತ್ತು. ಎಚ್ಚರಿಸಲು ಒಂದು ಕರೆ ಸಾಕಿತ್ತು. ಬಾಗಿಲ ಮುಂದೆ ಕೂಗಾಡಿ ಹೋಗುತ್ತಾರೆ, ಆಗಲಿ, ಒಮ್ಮೆ ಇವರೂ ನಾಲ್ಕು ಜನರ ಮುಂದೆ ತಲೆ ತಗ್ಗಿಸಲಿ ಎಂದುಕೊಂಡೆ. ಫೋನು ಪಕ್ಕಕ್ಕಿಟ್ಟು ಎರಡನೇ ರೊಟ್ಟಿ ಹಾಕಿಸಿಕೊಂಡೆ.

ಮರುದಿನ ಹೋದಾಗ ಐದೂ ಕಂಪ್ಯೂಟರುಗಳು ಒಡೆದು ನೆಲದ ಮೇಲೆ ಬಿದ್ದಿದ್ದವು. ಸರ್ ಹಣೆಗೆ ಪಟ್ಟಿ ಕಟ್ಟಿಕೊಂಡು, ಮುರಿದ ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು.

“ನಿಂಗೇನರ ಮೊದ್ಲೇ ಗೊತ್ತಿತ್ತೇನವ್ವಾ?”

“ಇಲ್ರಿ ಸರ್.”

ತಲೆಯಾಡಿಸಿದರು. ಎಲ್ಲರ ಮೇಲೂ ಅನುಮಾನ ಪಡುವ ಮನುಷ್ಯ ನನ್ನ ಆ ಮಾತನ್ನು ಹಾಗೇ ನಂಬಿಬಿಟ್ಟರು. ಸೆಂಟರ್ ಮತ್ತೆ ತೆರೆಯಲಿಲ್ಲ...

ಮುಂದೆ ರಾಜ್ಯವೂ ಬಂತು. ಆ ಲೀಡರ್ ಈಗ ಯಾವುದೋ ಸಮಿತಿಗೆ ಅಧ್ಯಕ್ಷ. ಫ್ಲೆಕ್ಸ್‌ಗಳಲ್ಲಿ ಅವನ ಹೆಸರಿನ ಕಾಗುಣಿತ ಇಂದಿಗೂ ತಪ್ಪು, ಕೈಮುಗಿದ ಭಂಗಿ ಮಾತ್ರ ಸರಿಯಾಗಿರುತ್ತದೆ. ನನ್ನಣ್ಣ ಅವನ ಹಿಂದೆ ಅಲೆದು ಅಲೆದು ಒಂದು ಶಾಲು ಹೊದಿಸಿಕೊಂಡ. ನನಗೆ ಜಹೀರಾಬಾದಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಇವರನ್ನೆಲ್ಲ ಕಂಡು ಮೂಗು ಮುರಿಯುವುದು ನನಗೆ ಸುಲಭವಾಗಿ ಬರುತ್ತದೆ. ಸರ್ ಕಲಿಸಿದ್ದರಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದೇ.

ಸಿಡಿ ಸಿಕ್ಕ ಮೇಲಿನ ಭಾನುವಾರ ಬಶೀರಾಬಾದಿಗೆ ಹೋದೆ. ಈ ಸಲ ನಿಜ ಹೇಳಿಬಿಡಬೇಕೆಂದೇ ಹೊರಟಿದ್ದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ಸರ್ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಹೆಸರು ಹೇಳುತ್ತಲೇ ಅವರ ಮುಖ ಅರಳಿತು.

“ನೀವೇನವ್ವಾ ಅವ್ರು? ಭಾಳ ನೆನಸ್ತಿದ್ರು ನಿಮಗ. ಊರಾಗ ಎಲ್ಲಾರೂ ಸುಳ್ಳ್ರು, ಆ ಹುಡುಗಿ ಒಬ್ಬಾಕಿ ಖರೇ ಮಾತಾಡ್ತಾಳ ಅಂತಿದ್ರು.”

ಕೊಟ್ಟ ಚಹ ಪೂರ್ತಿ ಕುಡಿದೆ. ಚೆನ್ನಾಗಿದೆ ಎಂದೆ. ಮೂರೂವರೆಯ ಬಸ್ಸು ಹಿಡಿದು ವಾಪಸು ಬಂದೆ.