ಬಾವಿಯ ಬಾಣಂತಿಯರು

ನಮ್ಮೂರ ಬಾವಿಯ ನೀರಿನಲ್ಲಿ ಬೇಳೆ ಬೇಯದಿದ್ದ ದಿನಗಳು ಅವು. ಸಾಬೂನು ಉಜ್ಜಿದರೆ ನೊರೆಯ ಬದಲು ಬಿಳಿಯ ಜಿಡ್ಡು ಬಂದು ಮೈಗೆ ಅಂಟುತ್ತಿತ್ತು. ಕುಡಿಯುವ ನೀರಿಗೆ ಆಚೆ ಓಣಿಯ ಬೋರಿಗೆ ಕೊಡ ಹೊತ್ತುಕೊಂಡು ಹೋಗಬೇಕು. ನಮ್ಮ ಹಿತ್ತಲಿನ ಸವಳು ಬಾವಿ ಇದ್ದದ್ದು ಬಟ್ಟೆ ಒಗೆಯಲಿಕ್ಕೆ, ಎಮ್ಮೆ ತೊಳೆಯಲಿಕ್ಕೆ, ಮತ್ತೆ ನಮ್ಮಂಥವರು ಬೇಸಿಗೆ ಸೂಟಿಯಲ್ಲಿ ಕೆಡಲಿಕ್ಕೆ. ಗುಡೂರಿನಿಂದ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ ನಮ್ಮ ಹಳ್ಳಿ. ಬಾವಿಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲಿಗೆಲ್ಲ ಪಾಚಿ. ಕೆಳಗಿಳಿದರೆ ಹೊರಗಿನ ಉರಿಬಿಸಿಲು ಮರೆತೇಹೋಗುವಂಥ ತಂಪು, ಹಸಿ ಕಲ್ಲಿನ ವಾಸನೆ.

ಆಗ ನಾನು ಐದನೇ ಇಯತ್ತೆ ಮುಗಿಸಿದ್ದೆ. ನನ್ನ ಕಸುಬು ಅಣಕಿಸುವುದು. ಅಜ್ಜನನ್ನು ನಾವು ಮುತ್ಯಾ ಅನ್ನುತ್ತಿದ್ದೆವು, ಅಜ್ಜಿಯನ್ನು ಆಯಿ. ಮುತ್ಯಾ ಧೋತರದ ಚುಂಗು ಹಿಡಿದು, ಗಂಟಲು ಸರಿಮಾಡಿಕೊಂಡು, ಎಲ್ಲರೂ ಸುಮ್ಮನಾದ ಮೇಲೆ ಏನೂ ಹೇಳದೆ ಕೂರುವುದು ನನ್ನ ಮುಖ್ಯ ಐಟಂ. ಆಯಿ ಮೊಣಕಾಲಿನ ಮೇಲೆ ಕೈಯೂರಿ "ಶಿವನೇ" ಎಂದು ಏಳುವುದು ಎರಡನೆಯದು. ಯಾರೂ ಸಿಗದ ಮಧ್ಯಾಹ್ನಗಳಲ್ಲಿ ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸುತ್ತಿದ್ದೆ: ಕಡ್ಡಿಯಂಥ ಕುತ್ತಿಗೆ, ಅದರ ಮೇಲೆ ಎರಡು ಹಿಡಿಕೆಯ ಪಾತೇಲಿಯಂಥ ತಲೆ. ಹಿಡಿಕೆಗಳೆಂದರೆ ನನ್ನ ಕಿವಿಗಳು.

ಆ ಬೇಸಿಗೆ ಸವಿತಾ ಅತ್ತೆ ಧಾರವಾಡದಿಂದ ಒಂದು ದುರ್ಬೀನು ತಂದಳು. ದೂರದ್ದನ್ನು ನೋಡುವುದಲ್ಲ, ಸಣ್ಣದ್ದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನು. ಅಪ್ಪನ ತಂಗಿ ಅವಳು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ನಮ್ಮ ಬಾವಿಯಲ್ಲಿ ಒಂದು ಹುಳ ಇತ್ತು. ಜೋಳದ ನುಚ್ಚಿನಷ್ಟು ಉದ್ದ, ಬಗ್ಗಿದ ಬೆನ್ನು, ಎರಡೂ ಬದಿಯಿಂದ ಒತ್ತಿ ಚಪ್ಪಟೆ ಮಾಡಿದಂಥ ಮೈ. ನೆಟ್ಟಗೆ ಈಜುವುದು ಅದಕ್ಕೆ ಗೊತ್ತೇ ಇಲ್ಲ. ಮಗ್ಗುಲಿಗೆ ಒರಗಿಕೊಂಡೇ ಸರಸರ ಹೋಗುತ್ತಿತ್ತು. ನಾವು ಅದನ್ನು ಡೊಂಕ್ಯಾ ಎನ್ನುತ್ತಿದ್ದೆವು. ಅತ್ತೆ ಹೇಳಿದಳು, ಅದು ಹುಳವೇ ಅಲ್ಲ, ಸೀಗಡಿಯ ದೂರದ ಬಂಧು, ಅದರ ಒಕ್ಕಲು ಹೆಚ್ಚಾಗಿ ಸಮುದ್ರದ ಕಡೆಯದು, ಹುನಗುಂದದ ಸೀಮೆಯ ಸವಳು ಬಾವಿಗೆ ಹೇಗೆ ಬಂತೋ ಯಾರಿಗೂ ತಿಳಿಯದು ಎಂದು. ಅದು ಯಾವ ಜಾತಿಯದೆಂದು ಗುರುತಿಸಿ ತಂದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ ಎಂದು ಅವಳ ಸರ್ ಮಾತು ಕೊಟ್ಟಿದ್ದರು.

ಮುತ್ಯಾನದೂ ಒಂದು ಮಾತಿತ್ತು.

"ಮಿರಗದ ಮಳಿ ಬೀಳೂತನಾ ನೋಡು. ಆಗಲಿಲ್ಲಂದ್ರ ಬಿ.ಎಡ್.ಗೆ ಹೆಸರು ಹಚ್ಚು. ಸಾಲಿ ನೌಕರಿ ಛಲೋ. ಹುಳಾ ನೋಡಿದವರಿಗೆ ಯಾರ ಪಗಾರ ಕೊಡತಾರ?"

"ಆತು ಬಿಡಪಾ," ಎಂದಳು ಅತ್ತೆ. ಮಿರಗದ, ಅಂದರೆ ಮೃಗಶಿರಾ ಮಳೆಯ, ಗಡುವು ಅವಳಿಗೆ ಬೇರೆ ಕಾರಣಕ್ಕೂ ಇತ್ತು. ಮಳೆ ಬಿದ್ದು ಹೊಲದ ನೀರು ಬಾವಿಗೆ ನುಗ್ಗಿದರೆ ಸವಳು ಕಡಿಮೆಯಾಗಿ ಡೊಂಕ್ಯಾಗಳು ಎಲ್ಲಿಗೋ ಇಳಿದುಬಿಡುತ್ತಿದ್ದವು.

ಬಂದ ಮರುದಿನವೇ ಅತ್ತೆ ಪಾಚಿಯ ಮೇಲೆ ಕಾಲಿಟ್ಟು ಜಾರಿ, ಪಾದ ಉಳುಕಿಸಿಕೊಂಡಳು. ಅಲ್ಲಿಂದ ಬಾವಿ ಕೆಲಸ ನನ್ನದು ಮತ್ತು ಚಿಕ್ಕಪ್ಪನ ಮಗ ಸಂಗುವಿನದು. ಸಂಗು ಇನ್ನೂ ಸಾಲೆಗೆ ಸೇರಿರಲಿಲ್ಲ. ಮೂಗು ಮಾತ್ರ ಹಗಲೂ ರಾತ್ರಿ ಸುರಿಯುತ್ತಿತ್ತು. ಹಳೇ ಜರಡಿಗೆ ಮುತ್ಯಾನ ಧೋತರದ ತುಂಡು ಬಿಗಿದು ನೀರಿನಲ್ಲಿ ಎಳೆಯುವುದು, ಬಂದದ್ದನ್ನು ಸ್ಟೀಲಿನ ತಾಟಿಗೆ ಕೊಡವುವುದು, ಡೊಂಕ್ಯಾಗಳನ್ನು ಚಮಚೆಯಿಂದ ಬಾಟಲಿಗೆ ಹಾಕುವುದು. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಒಂದು ಕಣ್ಣು ಮುಚ್ಚಿ ದುರ್ಬೀನಿನೊಳಗೆ ಇಣುಕುವಳು. ಮನೆಯೆಲ್ಲ ದವಾಖಾನೆಯ ಸ್ಪಿರಿಟ್ಟಿನ ವಾಸನೆ. ನಡುವೆ ಆಯಿ ರೊಟ್ಟಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ ತಂದಿಟ್ಟು, "ಮೊದಲ ಕೈ ತೊಳಕೋ, ಹುಳದ ಕೈಲೇ ತಿನಬ್ಯಾಡ" ಅನ್ನುವಳು. ನಾನು ತಕ್ಷಣ ಅದೇ ದನಿಯಲ್ಲಿ ಅದನ್ನೇ ಸಂಗುವಿಗೆ ಹೇಳುವೆ. ಆಯಿ ಲಟ್ಟಣಿಗೆ ಎತ್ತುವಳು.

ದಿನಗಳು ಹೋದಂತೆ ಅತ್ತೆಯ ಮುಖ ಇಳಿಯತೊಡಗಿತು.

"ಏನಾತ ಅತ್ತಿ?"

"ಎಲ್ಲಾ ಹೆಣ್ಣ ಅದಾವಲೇ ಈರ್ಯಾ. ಒಂದರೆ ಗಂಡು ಬರವಲ್ದು."

ಹೆಣ್ಣು ಡೊಂಕ್ಯಾಗಳು ಯಾವ ಜಾತಿಯವಾದರೂ ಸುಮಾರು ಒಂದೇ ಥರ ಕಾಣುತ್ತವಂತೆ. ಗಂಡಿಗೆ ಮುಂದೆ ಪೈಲ್ವಾನನ ಮುಷ್ಟಿಯಂಥ ದೊಡ್ಡ ಕೈ ಇರುತ್ತದೆ. ಆ ಮುಷ್ಟಿಯ ಆಕಾರ ನೋಡಿಯೇ ಹೆಸರು ಹೇಳಬೇಕು. ಸರ್‌ಗೆ ಫೋನು ಮಾಡಿದರೆ ಅವರೂ, ಗಂಡಿಲ್ಲದೆ ಹೆಸರಿಲ್ಲ ಎಂದರಂತೆ.

"ಹೆಣ್ಣಮಕ್ಕಳದಷ್ಟ ಊರು ಇರತೈತೇನು?" ಎಂದ ಮುತ್ಯಾ ಜಗಲಿಯಿಂದ. "ಬಿ.ಎಡ್. ಅರ್ಜಿ ಯಾವಾಗ ಬಿಡತಾರಂತ?"

ಮಿರಗ ಕೂಡುವ ಹಿಂದಿನ ಸಂಜೆ ಬಾದಾಮಿಯ ಕಡೆಯಿಂದ ಮೋಡ ಎದ್ದಿತು. ಗಾಳಿಯಲ್ಲಿ ಎಲ್ಲೋ ದೂರ ಬಿದ್ದ ಮಳೆಯ ಮಣ್ಣಿನ ವಾಸನೆ. ಅತ್ತೆ ದುರ್ಬೀನನ್ನು ಅರಿವೆಯಲ್ಲಿ ಸುತ್ತತೊಡಗಿದಳು. ನಾನು ಕಂಡ ಅತ್ತೆಯಂದಿರಲ್ಲೆಲ್ಲ ಅತಿ ಹೆಚ್ಚು ನಗುವ ಅತ್ತೆ ಅವಳು. ಅವಳು ಮುಖ ಇಳಿಬಿಟ್ಟು ಕೂತದ್ದು ನನಗೆ ಸಹಿಸಲಾಗಲಿಲ್ಲ. ಚುರುಮುರಿಯ ಬುಟ್ಟಿ ಬದಿಗಿಟ್ಟು ಆಟ ಶುರುಮಾಡಿದೆ. ಮುತ್ಯಾನ ಗಂಟಲು ಮಾಡಿದೆ. ಆಯಿಯ ಮೊಣಕಾಲು ಮಾಡಿದೆ. ಒಂದು ಕಣ್ಣು ಮುಚ್ಚಿ ಅತ್ತೆಯನ್ನೇ ಮಾಡಿದೆ. ತುಟಿ ಒಂಚೂರು ಅಲುಗಿತು, ಅಷ್ಟೆ.

ಕೊನೆಗೆ ಡೊಂಕ್ಯಾ ಮಾಡಿದೆ. ಬೆನ್ನು ಬಗ್ಗಿಸಿ, ಮಗ್ಗುಲಿಗೆ ಒರಗಿ, ಕೈಕಾಲು ಬಡಿಯುತ್ತ ಪಡಸಾಲೆಯ ಗಚ್ಚಿನ ಮೇಲೆ ಸರಿದೆ. ಸಂಗುವನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು, ಅವನ ಕೈಕಾಲು ನನ್ನ ಸೊಂಟಕ್ಕೆ ಸುತ್ತಿಸಿ, ಇಬ್ಬರೂ ಒಂದೇ ಪ್ರಾಣಿಯಾಗಿ ಇನ್ನೊಂದು ಸುತ್ತು ಹೊರಟೆವು. ಸಂಗು ಕೆಳಗಿನಿಂದ "ಮೂಗ ಹತ್ತತೈತಿ ನೆಲಕ್ಕ" ಎಂದು ಅರಚುತ್ತಿದ್ದ.

ಅತ್ತೆ ಜೋರಾಗಿ ನಕ್ಕಳು. ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು, "ಇದ್ಯಾವ ಅವತಾರಲೇ?"

"ಬಾಣಂತಿ."

"ಯಾವ ಬಾಣಂತಿ?"

"ಬಾವ್ಯಾಗಿಂದು. ಕೂಸಿನ್ನ ಹೊಟ್ಟಿಗಿ ಅವಚಕೊಂಡು ಅಡ್ಡಾಡತಾವಲ್ಲ, ಅವು."

ಅತ್ತೆಯ ನಗು ನಿಂತಿತು. "ನಾ ಒಂದೂ ನೋಡಿಲ್ಲಲಾ?"

"ನಿನಗ ಹೆಂಗ ಕಾಣತಾವು? ನಾವು ಬಾಟಲಿಗಿ ಹಾಕೇ ಇಲ್ಲ. ಬಾಣಂತೇರನ್ನ ಹಿಡೀಬ್ಯಾಡ್ರಿ, ಮತ್ತ ನೀರಿಗಿ ಬಿಡ್ರಿ ಅಂತ ಆಯಿ ಮೊದಲನೇ ದಿನಾನ ಹೇಳ್ಯಾಳ. ಅವತ್ತಿಂದ ಬಿಟಗೋತ ಬಂದೇವಿ."

ನಮ್ಮ ಮನೆಯಲ್ಲಿ ಮರಿ ಹಾಕಿದ ಬೆಕ್ಕಿಗೂ ಒಲೆಯ ಪಕ್ಕದ ಮೂಲೆ ಮೀಸಲು. ಆಯಿಯ ಕಾನೂನು ಮೀರುವ ಧೈರ್ಯ ಯಾರಿಗಿತ್ತು?

"ಮ್ಯಾಲಿಂದು ದೊಡ್ಡದೋ, ಕೆಳಗಿಂದೋ?" ಅತ್ತೆಯ ದನಿ ಸಣ್ಣಗಾಗಿತ್ತು.

"ಮ್ಯಾಲಿಂದು. ಅದ ಅಲ್ಲೇನು ತಾಯಿ?"

"ಅದು ತಾಯಿ ಅಲ್ಲಲೇ, ಗಂಡು. ಕೆಳಗ ಹಿಡಕೊಂಡಿದ್ದು ಕೂಸಲ್ಲ, ಹೇಣ್ತಿ. ಕೂಡೂ ವ್ಯಾಳ್ಯಾ ಬರೂತನಾ ಆಕೀನ್ನ ಹಂಗ ಹೊತ್ತಕೊಂಡ ತಿರಗತಾನ. ಇಲ್ಲಿ ಹೆಣ್ಣು ಭಾಳ, ಅದಕ್ಕ ಒಬ್ಬ ಗಂಡೂ ಒಂಟಿ ಸಿಗಲಿಲ್ಲ."

ಬೇಸಿಗೆಯಿಡೀ ನಾವು ಒಬ್ಬೊಬ್ಬ ಪೈಲ್ವಾನನನ್ನೂ ಬಾಣಂತಿಯೆಂದು ಮರ್ಯಾದೆಯಿಂದ ನೀರಿಗೆ ಬಿಟ್ಟು ಬಂದಿದ್ದೆವು.

ಆಯಿ ಒಲೆಯ ಮುಂದಿನಿಂದ ಎದ್ದು ಬಂದಳು. "ಏನಂದಿ? ಗಂಡಸು ಹೇಣ್ತಿನ್ನ ಹೊತ್ತಕೊಂಡ ತಿರಗತಾನ?" ಎಂದು ಜಗಲಿಯ ಕಡೆ ತಿರುಗಿದಳು. "ಕೇಳಿದ್ರೇನು? ನಮ್ಮನ್ಯಾಗ ಉಂಡ ತಾಟು ಎತ್ತವರಿಲ್ಲ."

ಮುತ್ಯಾ ಗಂಟಲು ಸರಿಮಾಡಿಕೊಂಡ. ಎದ್ದು ಬ್ಯಾಟರಿ ಹುಡುಕತೊಡಗಿದ.

ಆದರೂ ಆಯಿ ನಂಬಲಿಲ್ಲ. "ಕಣ್ಣಿಲೆ ನೋಡೂತನಾ ಒಂದನ್ನೂ ಬಾಟಲಿಗಿ ಹಾಕೂ ಹಂಗಿಲ್ಲ," ಎಂದು ಅಪ್ಪಣೆ ಮಾಡಿದಳು. ನಾನು ಮೆಟ್ಟಿಲಿಳಿದು ಓಡಿದೆ. ಜೀವಮಾನದಲ್ಲಿ ಅಷ್ಟು ಬೇಗ ಯಾವ ಕೆಲಸವನ್ನೂ ನಾನು ಮಾಡಿಲ್ಲ. ಮೊದಲ ಎಳೆತಕ್ಕೇ ಒಂದು ಜೋಡಿ ಬಂತು. ಲೋಟದಲ್ಲಿ ತಂದೆ. ಅತ್ತೆ ದುರ್ಬೀನು ಬಿಚ್ಚಿ, ಇಣುಕಿ, ಉಸಿರು ಹಿಡಿದು, ಆಯಿಗೆ ಜಾಗ ಬಿಟ್ಟಳು. ಆಯಿ ಮುಚ್ಚಬೇಕಾದ ಕಣ್ಣು ತೆರೆದು, ತೆರೆಯಬೇಕಾದದ್ದನ್ನು ಮುಚ್ಚಿ, ಬಹಳ ಹೊತ್ತು ಹೆಣಗಿದಳು.

"ಕೈ ಐತಿ ಖರೆ," ಎಂದಳು ಕಡೆಗೆ. "ಊರ ಗೌಡ್ರ ಮುಷ್ಟಿ ಇದ್ದಂಗ ಐತಿ. ಗಂಡಸರ ಆದ್ರ ಒಯ್ಯಿ. ಹೆಣ್ಣಮಗಳನ್ನ ಬಿಡಿಸಿ ಮತ್ತ ಬಾವಿಗಿ ಬಿಡು."

ಮೊದಲ ಹನಿಗಳು ತಗಡಿನ ಮೇಲೆ ಪಟಪಟ ಬೀಳುತ್ತಿದ್ದಾಗ ನಾನು, ಸಂಗು, ಕುಂಟುತ್ತ ಮೆಟ್ಟಿಲ ತನಕ ಬಂದ ಅತ್ತೆ, ಲಾಟೀನಿನಂತೆ ಬ್ಯಾಟರಿ ಎತ್ತಿ ಹಿಡಿದ ಮುತ್ಯಾ, ಎಲ್ಲರೂ ಗಂಡಸರನ್ನು ಹಿಡಿಯುವುದರಲ್ಲಿ ತೊಡಗಿದ್ದೆವು. ಬೆಳಗಾಗುವಷ್ಟರಲ್ಲಿ ಬಾವಿ ಕೆಂಪು ನೀರಿನಿಂದ ತುಂಬಿಬಂದಿತ್ತು. ಅತ್ತೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ವಾರದ ಮೇಲೆ ಫೋನು ಬಂತು. ಹೆಸರು ಸಿಕ್ಕಿತ್ತು, ಅತ್ತೆಗೆ ಸೀಟೂ ಸಿಕ್ಕಿತ್ತು. ಹೆಸರು ನಾಲಿಗೆ ಹೊರಳದಷ್ಟು ಉದ್ದ. ಮುತ್ಯಾ ಅದನ್ನು ಸಂಗುವಿಗಿಂತ ಕೆಟ್ಟದಾಗಿ ಹೇಳುತ್ತಿದ್ದ. ಆದರೂ ಚಾದಂಗಡಿಯಲ್ಲಿ, "ನಮ್ಮ ಬಾವಿ ಹುಳಕ್ಕ ಲ್ಯಾಟಿನ್ ಹೆಸರೈತಿ, ನಿಮ್ಮ ಓಣ್ಯಾಗ ಮನಷ್ಯಾರಿಗರೆ ಐತೇನು?" ಎಂದು ಕೇಳುತ್ತಿದ್ದನಂತೆ. ಬಿ.ಎಡ್. ಮಾತು ಮತ್ತೆ ಏಳಲಿಲ್ಲ.

ಈಗ ಊರಿಗೆ ನಳದ ನೀರು ಬಂದಿದೆ. ಕಾಲುವೆ ಹರಿದ ಮೇಲೆ ಬಾವಿಯ ನೀರೂ ಸಿಹಿಯಾಯಿತು. ಬೇಳೆ ಚೆನ್ನಾಗಿ ಬೇಯುತ್ತದೆ, ಸಾಬೂನು ನೊರೆ ಬಿಡುತ್ತದೆ. ಯಾರೂ ದೂರುವಂತಿಲ್ಲ. ಅತ್ತೆ ಬಂದಾಗಲೆಲ್ಲ ಒಮ್ಮೆ ಜರಡಿ ಎಳೆಸುತ್ತಾಳೆ. ಸೊಳ್ಳೆಯ ಮರಿಗಳು ಬರುತ್ತವೆ, ಡೊಂಕ್ಯಾ ಬರುವುದಿಲ್ಲ. ಕಾನೂನು ಮಾಡಿದ ಆಯಿಯೂ ಇಲ್ಲ, ಮುತ್ಯಾನೂ ಇಲ್ಲ.

ಹೋದ ಪಂಚಮಿಗೆ ಎಲ್ಲರೂ ಕೂಡಿದ್ದಾಗ ಹುಡುಗರು ಏನಾದರೂ ಮಾಡಿ ತೋರಿಸೆಂದು ಗಂಟುಬಿದ್ದರು. ಗಚ್ಚಿನ ಮೇಲೆ ಒರಗಿ ಡೊಂಕ್ಯಾ ಮಾಡಿದೆ. ಸಂಗು ಈಗ ನನಗಿಂತ ಗೇಣುದ್ದ ಹೆಚ್ಚು. ಅವನನ್ನು ಅವಚಿಕೊಳ್ಳುವ ಮಾತೇ ಇಲ್ಲ, ದಿಂಬಿನಲ್ಲೇ ಮುಗಿಸಿದೆ.

"ಚೇಳು?" ಎಂದಿತು ಒಂದು ಕೂಸು. "ಏಡಿ," ಎಂದಿತು ಇನ್ನೊಂದು. "ಕಾಕಾಗ ಫಿಟ್ಸ್ ಬಂದೈತಿ," ಎಂದಿತು ಮೂರನೆಯದು.

ಅಣಕಿಸುವವನಿಗೆ ಮೂಲವನ್ನು ಕಂಡವರು ಬೇಕು. ಇಲ್ಲದಿದ್ದರೆ ಅವನು ನೆಲದ ಮೇಲೆ ಬಿದ್ದು ಒದ್ದಾಡುವ ಒಬ್ಬ ದೊಡ್ಡ ಕಿವಿಯ ಮನುಷ್ಯ. ಬಾಗಿಲ ಬಳಿ ಅತ್ತೆ ಒಬ್ಬಳೇ ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ಅವಳೊಬ್ಬಳಿಗಾಗಿ ನಾನು ಇನ್ನೊಂದು ಸುತ್ತು ಹೊರಟೆ.