ಹಲೋ ಅಣ್ಣನ ಹೊಸ ಕೆಲಸ

ಆಸ್ಪತ್ರೆಯ ಟೆಲಿಫೋನ್ ಆಪರೇಟರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಲೋ ಅಣ್ಣ ಎಂದೇ. ಹುಟ್ಟಿನಿಂದ ಕಣ್ಣು ಕಾಣದ ಆತ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ವಾರ್ಡಿನಿಂದ ವಾರ್ಡಿಗೆ ಕರೆ ಜೋಡಿಸಿದ್ದ. ಬಾಯಿ ತೆರೆಯುವ ಮೊದಲೇ, ಉಸಿರಿನ ಸದ್ದಿನಲ್ಲೇ ಯಾವ ಡಾಕ್ಟರೆಂದು ಗುರುತು ಹಿಡಿಯುತ್ತಿದ್ದ. ಒಂದು ಸೋಮವಾರ ಕರೆಗಳನ್ನು ತಾನೇ ಜೋಡಿಸುವ ಯಂತ್ರ ಬಂತು. ಕೆಲಸದಿಂದ ತೆಗೆಯಲಿಲ್ಲ, ಮಾಡಲು ಮಾತ್ರ ಏನೂ ಉಳಿಯಲಿಲ್ಲ.

"ಸುಮ್ನೆ ಕೂತು ಕೂತು ಬೆನ್ನು ಹಿಡ್ಕೊಂಡಿದೆ ಕಣೇ," ಎಂದು ಮನೆಯಲ್ಲಿ ಗೊಣಗಿದ.

ಹೆಂಡತಿ ಹೊಲಿಗೆ ಮಷೀನಿನಿಂದ ತಲೆಯೆತ್ತಲಿಲ್ಲ. "ಹಾಗಾದ್ರೆ ನನಗೊಂದು ಉಪಕಾರ ಮಾಡಿ. ಹೊಲಿಗೆ ಪಾಠದ ವಿಡಿಯೋ ಒಂದೂ ಈ ಹೊಸ ಫೋನಲ್ಲಿ ಓಡ್ತಿಲ್ಲ."

ಆಪರೇಟರ್ ಕೋಣೆಯಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಕಂಪ್ಯೂಟರ್ ಇತ್ತು. ಬೇರೆ ಊರಿನ ಗೆಳೆಯನೊಬ್ಬ, ಅವನಿಗೂ ಕಣ್ಣಿಲ್ಲ, ಒಂದು ಉಚಿತ ತಂತ್ರಾಂಶದ ವಿಷಯ ಹೇಳಿದ. ವಿಡಿಯೋ, ಆಡಿಯೋ, ಫೋಟೋ ಏನೇ ಕೊಟ್ಟರೂ ಬೇಕಾದ ರೂಪಕ್ಕೆ ಬದಲಿಸುತ್ತದೆ. ಅದರಲ್ಲಿ ಒತ್ತಲು ಗುಂಡಿಗಳಿಲ್ಲ; ಏನಾಗಬೇಕೆಂದು ಒಂದು ಸಾಲು ಟೈಪ್ ಮಾಡಿದರಾಯಿತು. ಒಂದು ಚುಕ್ಕೆ ತಪ್ಪಿದರೂ ಅದು ಮುಖ ತಿರುಗಿಸುತ್ತಿತ್ತು. ಮೂರು ದಿನ ಒದ್ದಾಡಿದ. ನಾಲ್ಕನೆಯ ದಿನ ಹೆಂಡತಿಯ ಫೋನಿನಲ್ಲಿ ಅಂಗಿಯ ತೋಳು ಕತ್ತರಿಸುವ ಪಾಠ ಓಡಿತು. "ಇನ್ನೊಂದ್ಸಲ ಹಾಕಿ," ಎಂದಳು. ಅವಳು ಹೊಗಳುವುದೇ ಅಷ್ಟು.

ಆಮೇಲೆ ಹೆಡ್ ನರ್ಸ್ ಅರ್ಜಿಗೆ ಹಾಕಬೇಕಿದ್ದ ಫೋಟೋವನ್ನೂ ಕೇಳಿದ ಅಳತೆಗೆ ಇಳಿಸಿಕೊಟ್ಟ. ಹಾಗಾಗಿ, ಮೂಳೆ ಡಾಕ್ಟರರ ಮೊಣಕಾಲಿನ ಆಪರೇಷನ್ ವಿಡಿಯೋ ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆಯದೆ ಹೋದ ಬೆಳಿಗ್ಗೆ, ಆಕೆ ಅವರನ್ನು ನೇರವಾಗಿ ಮೆಟ್ಟಿಲ ಕೆಳಗೆ ಕರೆತಂದಳು. ಮೇಲೆ ವಿದ್ಯಾರ್ಥಿಗಳು ಆಗಲೇ ಕೂತಿದ್ದರು.

"ಇದು ವಿಡಿಯೋ, ಸಿಸ್ಟರ್. ಇವರಿಗೆ..." ಎಂದು ಡಾಕ್ಟರು ತಡವರಿಸಿದರು.

"ನೋಡೋರು ನೀವು ಸಾರ್. ನಾನು ಬರೀ ಬದಲಾಯಿಸ್ತೀನಿ. ಕೊಡಿ."

ಎಂಟು ನಿಮಿಷ ಹಿಡಿಯಿತು. ಪೆನ್ ಡ್ರೈವ್ ವಾಪಸು ಕೊಡುತ್ತ, "ನಿಮ್ಮ ಮಾತು ಎಡಗಡೆ ಸ್ಪೀಕರಲ್ಲಿ ಮಾತ್ರ ಬರ್ತಿತ್ತು. ಎರಡೂ ಕಡೆ ಬರೋ ಹಾಗೆ ಮಾಡಿದೀನಿ," ಎಂದ. ಆ ಕೊರತೆ ಅದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ವಾರದ ನಂತರ ಡಾಕ್ಟರು ಲ್ಯಾಪ್‌ಟಾಪ್ ಹಿಡಿದು ಒಬ್ಬರೇ ಬಂದರು.

"ನಿಮ್ಮ ತಂತ್ರಾಂಶ ಹಾಕ್ಕೊಂಡೆ ಹಲೋ ಅಣ್ಣ. ಒಂದು ಕಪ್ಪು ಕಿಟಕಿ ತೆರ್ಕೊಳ್ಳುತ್ತೆ, ಅದ್ರಲ್ಲಿ ಏನೂ ಕಾಣಲ್ಲ!"

"ನನಗೂ ಅಷ್ಟೇ ಸಾರ್," ಎಂದ ಆತ.

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಆತ ಒಂದೊಂದೇ ಅಕ್ಷರ ಹೇಳಿದ, ಅವರು ಟೈಪ್ ಮಾಡಿದರು, ಎರಡು ಸಲ ತಪ್ಪಿದರು. "ಅವಸರ ಬೇಡ ಸಾರ್, ಮೊದಲಿಂದ," ಎನ್ನುವಷ್ಟರಲ್ಲಿ ಮಕ್ಕಳ ವಾರ್ಡಿನ ನರ್ಸ್ ಬಾಗಿಲಲ್ಲಿ ಇಣುಕಿ, ಬಿಡುವಿದೆಯೇ ಎಂದು ಕೇಳಿದಳು.

"ಸಂಜೆ ಬಾರಮ್ಮ," ಎಂದ ಆತ, "ಈಗ ಪಾಠ ನಡೀತಿದೆ."