ಅಡುಗೆಮನೆ ಗೋಡೆಯ ಪಾಠಪಟ್ಟಿ

ನಾನು ಬಿ.ಎ. ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಗಂಡನ ಅಣ್ಣ ಈರಪ್ಪ ಭಾವ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತ, ಇವತ್ತು ಬಸ್ಸು ಬರುವುದಿಲ್ಲವಂತೆ ಎನ್ನುವಷ್ಟೇ ಸಲೀಸಾಗಿ ಹೇಳಿದರು. "ಅಲ್ಲ ಗಿರ್ಜಾ, ಇಸ್ಕೂಲಲ್ಲಿ ಸಾಂಬಾರ್ ಕಾಯಿಸೋಳಿಗೆ ಬಿ.ಎ. ಯಾತಕ್ಕೆ? ಬಿ.ಎ. ಆದ್ರೆ ಬೇಳೆ ತಾನಾಗೇ ಬೆಂದ್‌ಬುಡ್ತದಾ? ಆಗೋ ಮಾತಾಡು ಮಾರಾಯ್ತಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಲೋಟ ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದೆ.

ಹಾಸನದ ಕಡೆಯ ಪಾಳ್ಯದಿಂದ ಒಂದಿಷ್ಟು ಆಚೆ ಇರುವ ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆಯವಳು. ಒಂದರಿಂದ ಐದನೇ ತರಗತಿವರೆಗಿನ ಶಾಲೆ. ಎಲ್ಲಕ್ಕೂ ಒಬ್ಬರೇ ಮೇಡಂ, ಶಶಿಕಲಾ ಅವರು. ಅಡುಗೆಮನೆಗೂ ತರಗತಿಗೂ ನಡುವೆ ಇರುವುದು ಒಂದೇ ಗೋಡೆ. ಅದು ಮಾಡಿಗೆ ಮುಟ್ಟುವುದಿಲ್ಲ, ಮೇಲೆ ಒಂದು ಮೊಳ ಖಾಲಿ ಬಿಟ್ಟಿದ್ದಾರೆ. ಆ ಸಂದಿನಲ್ಲಿ ನನ್ನ ಒಗ್ಗರಣೆಯ ಘಾಟು ಅತ್ತ ಹೋಗುತ್ತದೆ, ಅವರ ಮಗ್ಗಿ ಇತ್ತ ಬರುತ್ತದೆ. ಯಾವ ತರಗತಿಗೆ ಯಾವಾಗ ಏನು ಪಾಠ ಎಂದು ಕೇಳಿದರೆ ನಾನು ಒಲೆಯ ಮುಂದೆ ನಿಂತೇ ಹೇಳಬಲ್ಲೆ. ಮಕ್ಕಳು ಏಳರ ಮಗ್ಗಿಯಲ್ಲಿ ತೊಡರುವ ಜಾಗ ಬಂದಾಗ ನನ್ನ ಸೌಟೂ ಒಂದು ಗಳಿಗೆ ನಿಲ್ಲುತ್ತದೆ.

ಮಕ್ಕಳಿಗೆ ಬಡಿಸುವ ಮೊದಲು ಊಟವನ್ನು ದೊಡ್ಡವರೊಬ್ಬರು ರುಚಿ ನೋಡಬೇಕು. ನಮ್ಮಲ್ಲಿ ತಾಯಂದಿರು ಸರದಿಯ ಮೇಲೆ ಬಂದು ನೋಡುತ್ತಾರೆ. ಪೋಷಕರ ಸಭೆ ಕರೆದರೆ ಗದ್ದೆ ಕೆಲಸ, ದನ, ನೆಂಟರು ಎಂದು ಹತ್ತು ಕಾರಣ ಹೇಳುವವರು ಸಾಂಬಾರಿನ ಸರದಿಯನ್ನು ಮಾತ್ರ ತಪ್ಪಿಸುವುದಿಲ್ಲ. ಇದನ್ನು ಗಮನಿಸಿದ ಮೇಡಂ ಕಳೆದ ವರ್ಷ ಜೂನ್‌ನಲ್ಲಿ ಒಂದು ಉಪಾಯ ಮಾಡಿದರು. ಮೊದಲ ಅವಧಿಯಲ್ಲಿ, ಅಂದರೆ ಶಾಲೆ ತೆರೆದಂದಿನಿಂದ ದಸರಾ ರಜೆಯವರೆಗೆ, ಯಾವ ತರಗತಿಯ ಮಕ್ಕಳು ಯಾವ ವಿಷಯದಲ್ಲಿ ಏನೇನು ಕಲಿಯುತ್ತಾರೆ ಎಂದು ದೊಡ್ಡ ಹಾಳೆಯಲ್ಲಿ ಬರೆದು, ಅದನ್ನು ಅಡುಗೆಮನೆಯ ಗೋಡೆಗೇ ಅಂಟಿಸಿದರು. ಓದಲು ಬಾರದವರಿಗೂ ಕನ್ನಡಕ ಮರೆತು ಬಂದವರಿಗೂ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಪಟ್ಟಿಯ ಮೇಲೆ.

ಪಟ್ಟಿಯ ಭಾಷೆ ಗಂಭೀರವಾದದ್ದು. ಅದರಲ್ಲಿ ಮಕ್ಕಳು ಸುಮ್ಮನೆ ಓದುವುದಿಲ್ಲ. ಗುರುತಿಸುವರು, ವರ್ಗೀಕರಿಸುವರು, ದೈನಂದಿನ ಜೀವನಕ್ಕೆ ಅನ್ವಯಿಸುವರು. ಮೊದಲ ವಾರ ಸರದಿಗೆ ಬಂದ ಜಯಮ್ಮ, ನಾಲ್ಕನೇ ತರಗತಿಯ ನಿತ್ಯಾಳ ತಾಯಿ, ನಾನು ಓದಿದ್ದನ್ನು ಕೇಳಿ ತಟ್ಟೆ ಕೆಳಗಿಟ್ಟಳು.

"ಇಷ್ಟೆಲ್ಲ ಮಾಡ್ತವಾ ಇವು? ನಮ್ಮನೇದು ಎದ್ದು ಹಾಸಿಗೆ ಸುತ್ತಲ್ಲ ಕಣಕ್ಕ."

"ಅದು ಪಟ್ಟೀಲಿಲ್ಲ ಜಯಾ. ಮುಂದಿನ ಅವಧಿಗೆ ಮೇಡಂನ ಕೇಳಾಣ."

ಒಂದನೇ ತರಗತಿಯ ಕನ್ನಡದ ಸಾಲಿಗೆ ಅವಳು ಇನ್ನೂ ಜೋರು ತಕರಾರು ತೆಗೆದಳು. ಮಕ್ಕಳು ಈಗ ಅಆಇಈಯಿಂದ ಶುರು ಮಾಡುವುದಿಲ್ಲ. ಮೊದಲು ರ, ಆಮೇಲೆ ಗ, ಸ, ದ, ಐದನೆಯದಾಗಿ ಅ. "ಅ ಹಿಂದೆ ನಿಂತ್ಕೊಂಡ್ರೆ ಅದೆಂಥ ಓದು?" ಎಂದಳು. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಮೇಡಂ ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಈ ಐದು ಅಕ್ಷರ ಪುಟ್ಟ ಕೈಗೆ ಬರೆಯಲು ಸುಲಭ. ಐದು ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ ಎಂದು ಓದತೊಡಗುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೂ ಒಂದು ಮಾತನ್ನೂ ಓದದೆ ಕಾಯಬೇಕಾಗಿಲ್ಲ. ಕಾಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿದ್ದುದರಿಂದ ಆ ಕ್ರಮ ನನಗೆ ಹಿಡಿಸಿತು.

ಗಣಿತದಲ್ಲಿ ನಾಲ್ಕನೆಯವರಿಗೆ ಅರ್ಧ, ಕಾಲು, ಮುಕ್ಕಾಲು ಇತ್ತು. ಮೊಟ್ಟೆ ಕೊಡುವ ದಿನ ಮೇಡಂ ಅದನ್ನು ಅಡುಗೆಮನೆಗೇ ತಂದರು. ಬೆಂದ ಮೊಟ್ಟೆಗೆ ದಾರ ಹಾಕಿ ಕುಯ್ದು ಎರಡು ಭಾಗ ಮಾಡಿ ತೋರಿಸಿದರೆ, ನಿತ್ಯಾ "ಇದು ಅರ್ಧ ಅಲ್ಲ ಮಿಸ್, ಇದ್ರಲ್ಲಿ ಹಳದಿ ಜಾಸ್ತಿ ಐತೆ" ಎಂದು ಹಟ ಹಿಡಿದಳು. ಸಮಪಾಲು ಎನ್ನುವುದು ಪುಸ್ತಕದ ಚಿತ್ರದಲ್ಲಿ ಇರುವಷ್ಟು ಸುಲಭವಾಗಿ ತಟ್ಟೆಯಲ್ಲಿ ಸಿಕ್ಕುವುದಿಲ್ಲ ಎಂದು ಅವತ್ತು ಎಲ್ಲರೂ ಒಪ್ಪಿಕೊಂಡೆವು. ಬಡಿಸುವವಳಾಗಿ ನನಗೆ ಇದು ಮೊದಲೇ ಗೊತ್ತಿತ್ತು. ಗಣಿತ ಎಂದು ಗೊತ್ತಿರಲಿಲ್ಲ.

ಪರಿಸರ ಅಧ್ಯಯನದ ಸಾಲಿನಲ್ಲಿ ಪ್ರಾಣಿಗಳ ವಾಸಸ್ಥಾನ ಎಂದಿತ್ತು. ಆನೆ ಎಲ್ಲಿ ವಾಸಿಸುತ್ತದೆ ಎಂಬ ಪ್ರಶ್ನೆಗೆ ಒಬ್ಬ ಹುಡುಗ ಗೋಡೆಯಾಚೆಯಿಂದ ನನಗೆ ಕೇಳುವಷ್ಟು ಗಟ್ಟಿಯಾಗಿ "ನಮ್ ಗದ್ದೇಲಿ" ಎಂದ. ಯಾರೂ ನಗಲಿಲ್ಲ. ಮೇಡಂ ಕೂಡ ತಪ್ಪು ಎನ್ನಲಿಲ್ಲ. ನಮ್ಮ ಕಡೆ ಬೆಳಿಗ್ಗೆ ಎದ್ದರೆ ಮೊದಲು ನೋಡುವುದು ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಕಳಿಸುವ ಮೊಬೈಲ್ ಸಂದೇಶವನ್ನು. ಹಿಂಡು ಇತ್ತ ಬಂದಿದೆ ಎಂದರೆ ದೂರದ ಮನೆಗಳ ಮಕ್ಕಳು ಬರುವುದಿಲ್ಲ. ನಾನು ಅಳೆದಿಟ್ಟ ಅಕ್ಕಿಯಲ್ಲಿ ಒಂದಿಷ್ಟು ಮತ್ತೆ ಡಬ್ಬಿಗೆ ಸುರಿಯುತ್ತೇನೆ. "ನಮ್ಗೆ ಆನೆ ಅಂದ್ರೆ ದೇವ್ರು. ಇವಕ್ಕೆ ಆನೆ ಅಂದ್ರೆ ರಜಾ" ಎಂದು ಜಯಮ್ಮ ಹೇಳಿದಾಗ ನಗು ಬಂತು. ಆದರೆ ಡಬ್ಬಿಗೆ ಅಕ್ಕಿ ವಾಪಸು ಸುರಿಯುವ ಸದ್ದು ನನಗೆ ಯಾವತ್ತೂ ಒಳ್ಳೆಯದೆನಿಸಿಲ್ಲ. ಅವಧಿ ಎಂದರೆ ಗೋಡೆಯ ಮೇಲೆ ಉದ್ದಕ್ಕೆ ಕಾಣುತ್ತದೆ. ಆನೆ ಬಂದ ದಿನ, ಜ್ವರ ಬಂದ ದಿನ, ನಾಟಿ ಇರುವ ದಿನ ಕಳೆದರೆ ಎಷ್ಟು ಉಳಿಯುತ್ತದೆ ಎಂದು ತಿಳಿಯಬೇಕಾದರೆ ಅಡುಗೆಯವಳನ್ನು ಕೇಳಬೇಕು.

ಪಟ್ಟಿಯ ಕೊನೆಯ ಸಾಲು ಇಂಗ್ಲಿಷ್. ತಾಯಂದಿರಿಗೆ ಓದಿ ಹೇಳುವಾಗ ಆ ಸಾಲಿಗೆ ಬಂದರೆ ನನ್ನ ದನಿ ಇಳಿಯುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಆದ ಮೇಲೆ ಮದುವೆಯಾಗಿ ಬಂದವಳು. ಪಿಯುಸಿಯನ್ನು ಮನೆಯಲ್ಲೇ ಓದಿ ಪಾಸು ಮಾಡಿದೆ. ಬಿ.ಎ.ಗೆ ದೂರಶಿಕ್ಷಣದಲ್ಲಿ ಸೇರಿದೆ. ನನ್ನ ತವರಿನಲ್ಲಾಗಲಿ, ಈ ಮನೆಯಲ್ಲಾಗಲಿ ಕಾಲೇಜಿನ ಗೇಟು ಕಂಡವರಿರಲಿಲ್ಲ. ಚರಿತ್ರೆ, ಸಮಾಜಶಾಸ್ತ್ರ, ಕನ್ನಡ ಎಲ್ಲವನ್ನೂ ಅನ್ನ ಬೇಯುವ ಹೊತ್ತಿನಲ್ಲಿ ಓದಿ ದಾಟಿಸಿದೆ. ಇಂಗ್ಲಿಷ್ ಪತ್ರಿಕೆಯೊಂದು ಮಾತ್ರ ಎರಡು ಸಲ ನನ್ನನ್ನು ಕೆಡವಿತು. ಕೋರ್ಸು ಮುಗಿಸಲು ಕೊಟ್ಟ ಗಡುವಿನಲ್ಲಿ ಉಳಿದದ್ದು ಇನ್ನೊಂದೇ ಪರೀಕ್ಷೆ, ದಸರಾ ರಜೆ ಕಳೆದ ಮೇಲೆ, ಹಾಸನದಲ್ಲಿ. ಅದರಲ್ಲೂ ಹೋದರೆ ಪಾಸಾದ ಪತ್ರಿಕೆಗಳೆಲ್ಲ ಲೆಕ್ಕಕ್ಕಿಲ್ಲ; ನಾನು ಮತ್ತೆ ಪಿಯುಸಿ.

ಇದನ್ನು ನಾನು ಮೇಡಂಗೆ ಹೇಳಿದ್ದು ಪಾತ್ರೆ ಉಜ್ಜುತ್ತ. ಅವರು ನನ್ನ ಗೈಡನ್ನು ತಿರುವಿ ಹಾಕಿ, "ಗಿರಿಜಕ್ಕ, ಇದನ್ನೆಲ್ಲ ಬಾಯಿಪಾಠ ಮಾಡಿದ್ದೀರಾ?" ಎಂದರು. ಹೂಂ ಎಂದೆ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಊಟ ಆದ್ಮೇಲೆ ನಾಲ್ಕನೇ ಕ್ಲಾಸಿನ ಇಂಗ್ಲಿಷಿಗೆ ಬಂದು ಕೂತ್ಕೊಳ್ಳಿ."

ಬೇಜಾರಾಯಿತು. ಮೂವತ್ತೆಂಟು ವರ್ಷದವಳು ಒಂಬತ್ತು ವರ್ಷದವರ ಪಕ್ಕ ಕೂರುವುದು ಬೇರೆ, ಅವರಿಗೆ ಬಡಿಸಿದ ಕೈ ಒರೆಸಿಕೊಂಡು ಅವರ ಪಕ್ಕ ಕೂರುವುದು ಬೇರೆ. ಆದರೂ ಹೋದೆ. ಪಟ್ಟಿಯಲ್ಲಿದ್ದ ಸಾಲು ಇದು: ತನ್ನ ಬಗ್ಗೆ, ತನ್ನ ಸುತ್ತಲಿನವರ ಬಗ್ಗೆ ಸರಳ ವಾಕ್ಯಗಳಲ್ಲಿ ಹೇಳುವರು. ನಿತ್ಯಾ ಎದ್ದು ನಿಂತು, ನನ್ನ ಕಡೆ ಕೈ ತೋರಿಸಿ, "ಮೈ ಆಂಟಿ ಈಸ್ ಸಾಂಬಾರ್" ಎಂದಳು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು.

"ಆಂಟಿ ಸಾಂಬಾರ್ ಅಲ್ಲಮ್ಮ, ಸಾಂಬಾರ್ ಮಾಡೋರು" ಎಂದರು ಮೇಡಂ.

"ಗೊತ್ತು ಮಿಸ್, ಮಾಡೋದು ಅನ್ನೋಕೆ ಬರ್ಲಿಲ್ಲ. ಅದ್ಕೆ ಇದ್ದಿದ್ದನ್ನೇ ಹೇಳ್ಬುಟ್ಟೆ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಹುಡುಗಿ ತನ್ನಲ್ಲಿದ್ದ ನಾಲ್ಕು ಮಾತಿನಲ್ಲೇ ತನಗೆ ಹೇಳಬೇಕಾದುದನ್ನು ಹೇಳಿಬಿಟ್ಟಿದ್ದಳು. ನಾನು ಮಾತ್ರ ಇಷ್ಟು ವರ್ಷ ಬೇರೆ ಯಾರೋ ಬರೆದ ಉದ್ದನೆಯ ವಾಕ್ಯಗಳನ್ನು ನುಂಗಿ, ಪ್ರಶ್ನೆ ಸ್ವಲ್ಪ ತಿರುಗಿದರೆ ಬಾಯಿ ಕಟ್ಟಿ ಕೂತಿದ್ದೆ. ಇಂಗ್ಲಿಷಿನಲ್ಲಿ ನನ್ನದೇ ಆದ ಒಂದು ವಾಕ್ಯವನ್ನೂ ಅಲ್ಲಿಯವರೆಗೆ ಬರೆದವಳಲ್ಲ. ಆ ಮಧ್ಯಾಹ್ನ ಬರೆದೆ: ಐ ಕುಕ್. ದಿ ಚಿಲ್ಡ್ರನ್ ಈಟ್. ನಿತ್ಯಾ ಬಗ್ಗಿ ನೋಡಿ, "ಇಷ್ಟೇನಾ ಆಂಟಿ? ಹೋಮ್‌ವರ್ಕು ಜಾಸ್ತಿ ಬರೀಬೇಕು" ಎಂದು ಗದರಿದಳು.

ಅಲ್ಲಿಂದ ದಸರಾವರೆಗೆ ದಿನಾ ಬರೆದೆ. ನಾನು ಓದಲು ಕೂತರೆ ನಮ್ಮ ಅತ್ತೆ ನಿಂಗಮ್ಮ ಏನೂ ಕೇಳದೆ ಹಟ್ಟಿಯ ಕಡೆ ಹೋಗುತ್ತಿದ್ದರು; ಹಾಲು ಕರೆಯುವುದು, ಹುಲ್ಲು ಹಾಕುವುದು, ನನ್ನ ಪಾಲಿನ ಕೆಲಸವೆಲ್ಲ ಯಾವಾಗ ಅವರ ಪಾಲಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಓದಿನ ಬಗ್ಗೆ ಅವರು ಒಂದು ದಿನವೂ ಮಾತೆತ್ತಿದವರಲ್ಲ. ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

ಪರೀಕ್ಷೆಯಲ್ಲಿ, ನೀವು ಚೆನ್ನಾಗಿ ಬಲ್ಲ ಒಂದು ಜಾಗದ ಬಗ್ಗೆ ಬರೆಯಿರಿ ಎಂದು ಒಂದು ಪ್ರಶ್ನೆ ಇತ್ತು. ಗೈಡಿನಲ್ಲಿದ್ದದ್ದು ಒಂದು ಅರಮನೆ. ಅದನ್ನು ನಾನು ಕಂಡಿಲ್ಲ. ನಾನು ನಮ್ಮ ಶಾಲೆಯ ಅಡುಗೆಮನೆಯ ಬಗ್ಗೆ ಬರೆದೆ, ನಾಲ್ಕನೇ ತರಗತಿಯವರ ಹಾಗೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ಗೋಡೆಯ ಬಗ್ಗೆ ಬರೆದೆ. ಆ ಕಡೆಯಿಂದ ಕೇಳುವ ಮಗ್ಗಿಯ ಬಗ್ಗೆ ಬರೆದೆ. ತಪ್ಪುಗಳು ಇದ್ದಿರಬೇಕು. ಇದ್ದರೂ ಅವು ನನ್ನವು.

ಫಲಿತಾಂಶವನ್ನು ಮೇಡಂ ತಮ್ಮ ಫೋನಿನಲ್ಲಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಗಿರಿಜಕ್ಕ, ಮೊದ್ಲು ಗ್ಯಾಸ್ ಸಣ್ಣ ಮಾಡಿ" ಎಂದರು. ಮಾಡಿದೆ. ಆಮೇಲೆ ಹೇಳಿದರು. ಅವತ್ತು ಜಯಮ್ಮನ ಸರದಿ. ಸಾಂಬಾರಿಗೆ ಉಪ್ಪು ಬಿದ್ದಿಲ್ಲ ಎಂದು ಕಂಡುಹಿಡಿದವಳು ಅವಳೇ.

ಒಂದು ಅವಧಿಯಲ್ಲಿ ಮಕ್ಕಳು ಏನು ಕಲಿಯುತ್ತಾರೆ ಎಂದು ಈಗಲೂ ಸರದಿಗೆ ಬಂದ ತಾಯಂದಿರಿಗೆ ಓದಿ ಹೇಳುತ್ತೇನೆ. ಕೇಳಲು ಅದು ಸಣ್ಣದು. ಐದು ಅಕ್ಷರ, ಒಂದು ಮೊಟ್ಟೆಯ ಅರ್ಧ, ತನ್ನ ಬಗ್ಗೆ ನಾಲ್ಕು ವಾಕ್ಯ. ಇಷ್ಟಕ್ಕಾ ಇಷ್ಟು ತಿಂಗಳು ಎಂದು ಯಾರಾದರೂ ಕೇಳಿದರೆ, ಅಷ್ಟು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪದವಿ ಪ್ರಮಾಣಪತ್ರ ಹಾಸನದ ದೂರಶಿಕ್ಷಣ ಕಚೇರಿಯ ಕಿಟಕಿಯಲ್ಲಿ ಸಿಕ್ಕಿತು. ಗುಮಾಸ್ತರು ಸಹಿ ಹಾಕಿಸಿಕೊಂಡು, ತಲೆ ಎತ್ತದೆ, ಲಕೋಟೆಯಲ್ಲಿ ಹಾಕಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ತೆಗೆದು ನೋಡಲು ಧೈರ್ಯ ಬರಲಿಲ್ಲ. ಮನೆಗೆ ಬಂದಾಗ ಅತ್ತೆ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದರು. ಪತ್ರ ಹೊರಗೆ ತೆಗೆದು ಅವರ ಮುಂದೆ ಹಿಡಿದೆ. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡರು.

"ತಡಿ, ಕೈ ತೊಳ್ಕೊಂಡ್ ಬತ್ತೀನಿ."

ತೊಳೆದು, ಸೆರಗಿನಲ್ಲಿ ಒರೆಸಿ, ಒದ್ದೆ ಉಳಿದಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು, ಅಂಗೈ ಎರಡನ್ನೂ ಚಾಚಿದರು. ನಾನು ಅದನ್ನು ಅವರ ಅಂಗೈ ಮೇಲೆ ಇಟ್ಟೆ. ಓದಲು ಬಾರದ ಅವರು ಅದರ ಮೇಲಿನ ಬರಹವನ್ನು ನೋಡಲಿಲ್ಲ. ಕೈಯನ್ನೇ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿದರು.

"ಇಷ್ಟ್ ಹಗೂರ ಐತಲ್ಲೇ ಗಿರ್ಜಾ! ನೀನ್ ಹೊತ್ಕೊಂಡ್ ತಿರ್ಗಿದ್ ನೋಡಿ, ಮಣಭಾರ ಇರ್ಬೇಕು ಅಂದ್ಕೊಂಡಿದ್ದೆ ಕಣೆ."